ಸೆಂಟರ್ ಆಟಗಾರನನ್ನು ಗಮನಿಸುವ ಬಗೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2015ರ ಫೈನಲ್ಸ್‌ನ ನಾಲ್ಕನೆಯ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡದ ಸೆಂಟರ್ (ಸಾಮಾನ್ಯವಾಗಿ ತಂಡದ ಅತಿ ಎತ್ತರದ, ರಿಂಗ್‌ನ ಬಳಿ ಆಡುವ ಆಟಗಾರ) ತಿಮೊಫೆಯ್ ಮೊಜ್ಗೊವ್ 28 ಅಂಕ ಗಳಿಸಿ, ಗುರಿ ತಪ್ಪಿ ಪುಟಿದ ಚೆಂಡನ್ನು 10 ಬಾರಿ ಹಿಡಿದರು, ಅಂದರೆ 10 ರಿಬೌಂಡ್. ಏಳಡಿಗೂ ಮಿಗಿಲಾದ ಎತ್ತರದ ಅವರನ್ನು ರಿಂಗ್‌ನ ಬಳಿ ತಡೆಯಬಲ್ಲ ಎತ್ತರದವರು ಎದುರು ತಂಡದಲ್ಲಿ ಅಂದು ಹೆಚ್ಚು ಹೊತ್ತು ಆಡಲೇ ಇಲ್ಲ. ಆದರೂ ಕ್ಲೀವ್‌ಲ್ಯಾಂಡ್ 82–103ರಿಂದ ಸೋತಿತು, ಮುಂದಿನ ಪಂದ್ಯದಲ್ಲಿ ಮೊಜ್ಗೊವ್ ಅಂಕಣದಲ್ಲಿ ಕಾಣಿಸಿಕೊಂಡದ್ದು ಸುಮಾರು ಒಂಬತ್ತು ನಿಮಿಷ ಮಾತ್ರ. ಎದುರಾಳಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವು ನಾಲ್ಕನೆಯ ಪಂದ್ಯದಿಂದಲೇ ತನ್ನ ಸೆಂಟರ್ ಆಂಡ್ರ್ಯೂ ಬೋಗಟ್ ಅವರನ್ನು ಆರಂಭಿಕ ಐವರಿಂದ ಕೈಬಿಟ್ಟು, ಆ ಋತುವಿನ ಲೀಗ್ ಹಂತದಲ್ಲಿ ಒಮ್ಮೆಯೂ ಆರಂಭದಿಂದ ಆಡಿರದ ಆಂಡ್ರೆ ಇಗುಡಾಲ ಅವರನ್ನು ಇಳಿಸಿತ್ತು. ಆರಡಿ ಆರಂಗುಲದ ಡ್ರೇಮಂಡ್ ಗ್ರೀನ್ ಸೆಂಟರ್ ಜಾಗದಲ್ಲಿ ನಿಂತರು. ಸರಣಿ ಗೋಲ್ಡನ್ ಸ್ಟೇಟ್ ಪಾಲಾಯಿತು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಇಗುಡಾಲ ಅವರದಾಯಿತು.

28 ಅಂಕ ಗಳಿಸಿದವನನ್ನು ಅವನ ಕೋಚ್ ಮುಂದಿನ ಪಂದ್ಯದಲ್ಲಿ ಬೆಂಚಿನ ಮೇಲೆ ಏಕೆ ಕೂರಿಸಿದರು ಎಂಬುದನ್ನು ಅಂಕಪಟ್ಟಿಯಿಂದ ತಿಳಿಯಲಾಗದು, ಚೆಂಡಿನ ಹಿಂದೆಯೇ ಓಡುವ ಕಣ್ಣಿಗೂ ಅದು ಕಾಣದು. ಅಂಥದ್ದನ್ನು ಪಂದ್ಯ ನಡೆಯುತ್ತಿರುವಾಗಲೇ ಗುರುತಿಸುವುದು ಹೇಗೆಂದು ವಿವರಿಸುವುದು ಈ ಬರಹದ ಉದ್ದೇಶ. ‘ದೈತ್ಯ ಸೆಂಟರ್‌ಗಳ ಕಾಲ ಮುಗಿಯಿತು’ ಎಂಬ ಮಾತು ಹಲವು ವರ್ಷ ಕೇಳಿಬಂತು, ಅದು ಸರಿಯಲ್ಲವೆಂಬುದು ನನ್ನ ಎಣಿಕೆ. ಬದಲಾದದ್ದು ಸೆಂಟರ್‌ನ ಪ್ರಾಬಲ್ಯವಲ್ಲ, ಆ ಪ್ರಾಬಲ್ಯವು ಅಂಕಣದ ಯಾವ ಜಾಗದಲ್ಲಿ, ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು. ಹಿಂದೆ ಅವನು ರಿಂಗ್‌ನ ಕೆಳಗೆ ನಿಂತು ತಾನೇ ಅಂಕ ಗಳಿಸುತ್ತಿದ್ದನು. ಈಗ ಅವನು ಎಲ್ಲಿ ನಿಂತರೂ ಎದುರಾಳಿಗಳಲ್ಲಿ ಒಬ್ಬನನ್ನು, ಸಾಧ್ಯವಾದರೆ ಇಬ್ಬರನ್ನು, ಇರಬಾರದ ಕಡೆಗೆ ಎಳೆಯಬೇಕು.

ಮೊದಲು ನಿಯಮಗಳು

ಯಾವ ಕಾಲದ ಪಂದ್ಯ ನೋಡುತ್ತಿದ್ದೀರಿ, ಆಗ ಯಾವ ನಿಯಮವಿತ್ತು ಎಂಬುದು ತಿಳಿಯದಿದ್ದರೆ ಹಳೆಯ ಸೆಂಟರ್‌ಗಳನ್ನು ಇಂದಿನವರೊಡನೆ ಹೋಲಿಸುವುದು ವ್ಯರ್ಥ. ನಿಯಮಗಳು ಬದಲಾದದ್ದೂ ಬಹುಮಟ್ಟಿಗೆ ಸೆಂಟರ್‌ಗಳಿಂದಲೇ. ಆರಡಿ ಹತ್ತಂಗುಲದ ಜಾರ್ಜ್ ಮೈಕನ್ ರಿಂಗ್‌ನ ಪಕ್ಕದಲ್ಲೇ ಬೀಡುಬಿಟ್ಟು ಅಂಕ ಗಳಿಸುತ್ತಿದ್ದುದರಿಂದ, ದಾಳಿಯ ತಂಡದವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ‘ಪೇಂಟ್’ ಪ್ರದೇಶದ ಅಗಲವನ್ನು 1951ರಲ್ಲಿ 6 ಅಡಿಯಿಂದ 12 ಅಡಿಗೆ ಹೆಚ್ಚಿಸಲಾಯಿತು. 1950ರ ನವೆಂಬರ್‌ನಲ್ಲಿ ಮೈಕನ್ ಅವರ ಮಿನಿಯಾಪೊಲಿಸ್ ಲೇಕರ್ಸ್ ತಂಡಕ್ಕೆ ಚೆಂಡೇ ಸಿಗದಂತೆ ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡವು ಅದನ್ನು ಕೈಯಲ್ಲೇ ಇಟ್ಟುಕೊಂಡು 19–18ರಿಂದ ಗೆದ್ದಿತು. ಇಂಥ ನೀರಸ ಪಂದ್ಯಗಳಿಂದ ಬೇಸತ್ತ ಲೀಗ್ 1954–55ರ ಋತುವಿನಿಂದ ಚೆಂಡು ಸಿಕ್ಕ ತಂಡ ಅದನ್ನು 24 ಸೆಕೆಂಡುಗಳೊಳಗೆ ರಿಂಗ್‌ನತ್ತ ಎಸೆಯಲೇಬೇಕೆಂಬ ಮಿತಿಯನ್ನು ತಂದಿತು. ವಿಲ್ಟ್ ಚೇಂಬರ್ಲೇನ್ ಅವರ ಕಾಲದಲ್ಲಿ, 1964ರಲ್ಲಿ, ಪೇಂಟ್ 16 ಅಡಿಯಾಯಿತು. ಒಬ್ಬ ಆಟಗಾರನಿಗಾಗಿ ಅಂಕಣದ ಗೆರೆಗಳನ್ನೇ ಅಳಿಸಿ ಬರೆಯಬೇಕಾಗಿ ಬಂದದ್ದು ಅವನಿಗೆ ಸಂದ ಗೌರವವೂ ಹೌದು.

ಆದರೆ ಇಂದಿನ ಆಟವನ್ನು ಅರಿಯಲು ಇವೆಲ್ಲಕ್ಕಿಂತ ಮುಖ್ಯವಾದವು ಎರಡು. ಒಂದು, 1979–80ರಲ್ಲಿ ಎನ್‌ಬಿಎಗೆ ಬಂದ ಮೂರು ಅಂಕಗಳ ಗೆರೆ: ಅದರಾಚೆಯಿಂದ ಎಸೆದು ಗುರಿ ಮುಟ್ಟಿಸಿದರೆ ಎರಡರ ಬದಲು ಮೂರು ಅಂಕ. ಇನ್ನೊಂದು, ಅಷ್ಟಾಗಿ ಚರ್ಚೆಗೆ ಬಾರದ 2001–02ರ ತಿದ್ದುಪಡಿ. ಅಲ್ಲಿಯವರೆಗೆ ವಲಯ ರಕ್ಷಣೆ ನಿಷಿದ್ಧವಾಗಿತ್ತು: ರಕ್ಷಕನು ತನ್ನ ಆಟಗಾರನ ಜೊತೆಗಿರಬೇಕು, ಇಲ್ಲವೇ ಚೆಂಡು ಹಿಡಿದವನ ಮೇಲೆ ಪೂರ್ತಿಯಾಗಿ ಎರಗಬೇಕು, ನಡುವೆ ಅರ್ಧ ದಾರಿಯಲ್ಲಿ ಕಾದು ನಿಲ್ಲುವಂತಿರಲಿಲ್ಲ. ಆದ್ದರಿಂದ ನಾಲ್ವರನ್ನು ಅಂಕಣದ ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯನ್ನು ಷಕೀಲ್ ಓನೀಲ್ ಅಥವಾ ಪ್ಯಾಟ್ರಿಕ್ ಯೂಯಿಂಗ್ ಅವರಂಥವರಿಗೆ ಬಿಟ್ಟುಕೊಟ್ಟರೆ ಅಲ್ಲಿ ಒಬ್ಬನಿಗೆ ಒಬ್ಬನೇ ಎದುರಾಳಿ. 2001ರ ನಂತರ ಒಬ್ಬ ರಕ್ಷಕನು ಸೆಂಟರ್‌ನ ಮುಂದೆ ನಿಂತು ಪಾಸ್ ತಡೆಯಬಹುದು, ಮತ್ತೊಬ್ಬನು ಹಿಂದಿನಿಂದ ಕಾಯಬಹುದು. ಪೇಂಟ್‌ನಲ್ಲಿ ಯಾರನ್ನೂ ಕಾಯದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವ ರಕ್ಷಕನಿಗೆ ದಂಡ ವಿಧಿಸುವ ನಿಯಮವೂ ಅದೇ ವರ್ಷ ಬಂದಿತು. ಸೆಂಟರ್‌ಗೆ ಚೆಂಡು ತಲುಪಿಸುವುದೇ ಆಗ ಕಷ್ಟದ, ಸಮಯ ತಿನ್ನುವ ಕೆಲಸವಾಯಿತು. ಮೂರು ಅಂಕಗಳ ಲೆಕ್ಕಾಚಾರವಷ್ಟೇ ಪೋಸ್ಟ್ ಆಟವನ್ನು (ರಿಂಗ್‌ನ ಬಳಿ, ಅದಕ್ಕೆ ಬೆನ್ನು ಮಾಡಿ ಚೆಂಡು ಹಿಡಿದು ಆಡುವುದನ್ನು) ಹಿಂದೆ ಸರಿಸಿತೆಂದು ಹೇಳುವವರು ಈ ನಿಯಮವನ್ನು ಮರೆಯುತ್ತಾರೆ.

ಲೆಕ್ಕಾಚಾರವೂ ಸುಳ್ಳಲ್ಲ. ದೂರದಿಂದ ನೂರಕ್ಕೆ 36 ಬಾರಿ ಗುರಿ ಮುಟ್ಟಿಸುವವನ ಒಂದೊಂದು ಎಸೆತ ಸರಾಸರಿ 1.08 ಅಂಕ ತರುತ್ತದೆ. ಪೋಸ್ಟ್‌ನಿಂದ ನೂರಕ್ಕೆ 50 ಬಾರಿ ಗಳಿಸುವವನದು ಸರಿಯಾಗಿ 1 ಅಂಕ. 1979–80ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ ಮೂರಕ್ಕಿಂತ ಕಡಿಮೆ ಬಾರಿ ದೂರದಿಂದ ಎಸೆಯುತ್ತಿತ್ತು. 2023–24ರ ಹೊತ್ತಿಗೆ ಅದು 35ನ್ನು ದಾಟಿತ್ತು.

ದಾಳಿಯಲ್ಲಿ: ಚೆಂಡನ್ನು ಬಿಟ್ಟು ಪಾದಗಳನ್ನು ನೋಡಿ

ಪಂದ್ಯದ ಮೊದಲ ಕ್ವಾರ್ಟರ್‌ನ 12 ನಿಮಿಷವನ್ನು ಒಬ್ಬನೇ ಸೆಂಟರ್‌ಗೆ ಮೀಸಲಿಡಿ. ಚೆಂಡು ಎಲ್ಲಿದೆಯೆಂದು ನೋಡುವ ಚಪಲ ಬರುತ್ತದೆ, ಅದನ್ನು ತಡೆದುಕೊಳ್ಳಲೇಬೇಕು. ಒಂದು ಹಾಳೆಯ ಮೇಲೆ ಅರ್ಧ ಅಂಕಣದ ಚಿತ್ರ ಬರೆದುಕೊಂಡು, ಪ್ರತಿ ಬಾರಿ ಅವನು ಚೆಂಡನ್ನು ಹಿಡಿದಾಗ, ಹಿಡಿದ ಜಾಗಕ್ಕೆ ಚುಕ್ಕೆ ಇಡಿ. ರಿಂಗ್‌ಗೆ ಬೆನ್ನು ಮಾಡಿ ಹಿಡಿದರೆ ಚುಕ್ಕೆಯ ಸುತ್ತ ವೃತ್ತ ಎಳೆಯಿರಿ, ಮುಖ ಮಾಡಿ ಹಿಡಿದರೆ ಹಾಗೆಯೇ ಬಿಡಿ. ಈ ಒಂದೇ ಹಾಳೆ ಅವನು ಯಾವ ಬಗೆಯ ಸೆಂಟರ್ ಎಂಬುದನ್ನು ಅರ್ಧಕ್ಕರ್ಧ ಹೇಳುತ್ತದೆ. ಕರೀಂ ಅಬ್ದುಲ್ ಜಬ್ಬಾರ್ ಅವರ ಹಳೆಯ ಪಂದ್ಯವೊಂದಕ್ಕೆ ಹೀಗೆ ಚುಕ್ಕೆ ಇಟ್ಟರೆ ಪೇಂಟ್‌ನ ಅಂಚುಗಳಲ್ಲಿ ವೃತ್ತಗಳು ದಟ್ಟವಾಗಿ ಕೂಡುತ್ತವೆ. ನಿಕೊಲಾ ಯೋಕಿಚ್ ಅವರ ಪಂದ್ಯಕ್ಕೆ ಇಟ್ಟರೆ ಫ್ರೀ ಥ್ರೋ ಗೆರೆಯ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಗೆರೆ) ಸುತ್ತ, ಅದರಾಚೆಗಿನ ಮೂರು ಅಂಕಗಳ ಕಮಾನಿನ ನೆತ್ತಿಯಲ್ಲಿ ಚುಕ್ಕೆಗಳು ಹರಡಿಕೊಳ್ಳುತ್ತವೆ.

ಎರಡನೆಯದಾಗಿ ಸ್ಕ್ರೀನ್. ಚೆಂಡನ್ನು ಮುನ್ನಡೆಸುವ ತನ್ನ ತಂಡದ ಗಾರ್ಡ್‌ನ ಬೆನ್ನುಹತ್ತಿದ ರಕ್ಷಕನ ದಾರಿಗೆ ಮೈಯೊಡ್ಡಿ ನಿಲ್ಲುವುದು ಇಂದು ಸೆಂಟರ್ ಮಾಡುವ ಕೆಲಸಗಳಲ್ಲಿ ಬಹುಶಃ ಅತ್ಯಂತ ಹೆಚ್ಚು ಬಾರಿ ಮಾಡುವಂಥದ್ದು. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಸ್ಕ್ರೀನ್‌ನ ಹೊತ್ತಿಗೆ ಅವನ ಪಾದಗಳು ನಿಂತಿವೆಯೇ, ಭುಜಗಳು ಯಾವ ಕಡೆಗೆ ತಿರುಗಿವೆ, ರಕ್ಷಕನು ಅವನಿಗೆ ತಗುಲಿದನೇ ಅಥವಾ ಪಕ್ಕದಿಂದ ನುಸುಳಿದನೇ ಎಂಬುದನ್ನು ಗಮನಿಸಿ. ಚೆನ್ನಾಗಿ ನಿಂತ ಸ್ಕ್ರೀನ್‌ನ ಗುರುತೆಂದರೆ ಗಾರ್ಡ್‌ನ ರಕ್ಷಕ ಒಂದು ಹೆಜ್ಜೆ ಹಿಂದುಳಿಯುತ್ತಾನೆ, ಆ ಒಂದು ಹೆಜ್ಜೆಯನ್ನು ತುಂಬಲು ಸೆಂಟರ್‌ನ ರಕ್ಷಕನು ತನ್ನ ಜಾಗ ಬಿಟ್ಟು ಬರಬೇಕಾಗುತ್ತದೆ. ಅಲ್ಲಿಂದ ಮುಂದಿನ ಎಲ್ಲವೂ ಆ ಒಂದು ಹೆಜ್ಜೆಯ ಫಲ.

ಸ್ಕ್ರೀನ್ ಆದ ಬಳಿಕ ಸೆಂಟರ್ ಎತ್ತ ಹೋಗುತ್ತಾನೆ ಎಂಬುದು ಮೂರನೆಯ ಪ್ರಶ್ನೆ. ನೇರವಾಗಿ ರಿಂಗ್‌ನತ್ತ ಓಡಿದರೆ, ಅವನ ಕೈಗೆ ಚೆಂಡು ಬಾರದಿದ್ದರೂ ಮೂಲೆಯಲ್ಲಿ ನಿಂತಿರುವವನ ರಕ್ಷಕ ಒಳಗೆ ಬಂದು ಅವನನ್ನು ತಡೆಯಲೇಬೇಕು, ಆಗ ಮೂಲೆಯವನು ಒಬ್ಬಂಟಿಯಾಗುತ್ತಾನೆ. ಮೂಲೆಯಿಂದ ಗೆರೆಯ ದೂರ 22 ಅಡಿ, ನೆತ್ತಿಯಲ್ಲಿ 23 ಅಡಿ 9 ಅಂಗುಲ. ಮೂಲೆಯ ಎಸೆತ ಅಷ್ಟು ಬೆಲೆಯುಳ್ಳದ್ದಾಗಿರುವುದಕ್ಕೆ ಈ ಅಂತರವೂ ಒಂದು ಕಾರಣ. ಎಸೆದವನ ಹೆಸರಿಗೆ ಮೂರು ಅಂಕ, ಪಾಸ್ ಕೊಟ್ಟವನ ಹೆಸರಿಗೆ ಅಸಿಸ್ಟ್, ಓಡಿದವನಿಗೆ ಏನೂ ಇಲ್ಲ. ಓಡದೆ ಹೊರಗೇ ಉಳಿದರೆ ಅವನಿಗೆ ದೂರದಿಂದ ಎಸೆಯಲು ಬರಬೇಕು. ಬ್ರೂಕ್ ಲೋಪೆಜ್ ಇದಕ್ಕೆ ಒಳ್ಳೆಯ ಉದಾಹರಣೆ: ವೃತ್ತಿಯ ಮೊದಲ ಎಂಟು ಋತುಗಳಲ್ಲಿ ಒಟ್ಟು ಮೂರೇ ಬಾರಿ ಮೂರು ಅಂಕಗಳ ಎಸೆತದಲ್ಲಿ ಯಶಸ್ವಿಯಾಗಿದ್ದ ಅವರು 2016–17ರ ಒಂದೇ ಋತುವಿನಲ್ಲಿ 134 ಬಾರಿ ಯಶಸ್ವಿಯಾದರು. ಇಡೀ ವೃತ್ತಿಜೀವನದಲ್ಲಿ ಅಂಥದ್ದೊಂದನ್ನೇ ಗಳಿಸಿದ ಓನೀಲ್ ಅವರನ್ನು ನೆನೆದರೆ ಕೆಲಸ ಎಷ್ಟು ಬದಲಾಗಿದೆಯೆಂಬುದು ತಿಳಿಯುತ್ತದೆ.

ಇವೆರಡರ ನಡುವೆ ಇನ್ನೊಂದು ದಾರಿಯಿದೆ, ಅದನ್ನು ಹಿಡಿಯಲು ಕಣ್ಣು ಪಳಗಬೇಕು. ಸ್ಕ್ರೀನ್ ಹಾಕಿದವನು ಎರಡು ಮೂರು ಹೆಜ್ಜೆ ಓಡಿ ಫ್ರೀ ಥ್ರೋ ಗೆರೆಯ ಬಳಿ ಚೆಂಡು ಹಿಡಿದು ನಿಲ್ಲುತ್ತಾನೆ. ಎದುರು ತಂಡದ ಇಬ್ಬರು ಗಾರ್ಡ್‌ನ ಮೇಲೆ ಎರಗಿರುವುದರಿಂದ ಅವನ ಮುಂದೆ ನಾಲ್ವರಿಗೆ ಮೂವರು ಎಂಬ ಸ್ಥಿತಿ ಇರುತ್ತದೆ. ಗ್ರೀನ್ 2015ರಲ್ಲಿ ಮಾಡಿದ್ದು ಬಹುಪಾಲು ಇದನ್ನೇ. ತಂಡದ ಗಾರ್ಡ್ ಸ್ಟೆಫನ್ ಕರಿ ಅವರ ಮೇಲೆ ಇಬ್ಬರು ಬಿದ್ದೊಡನೆ ಚೆಂಡು ಗ್ರೀನ್ ಕೈಗೆ ಬರುತ್ತಿತ್ತು, ಅಲ್ಲಿಂದ ಅವರು ಅರ್ಧ ಸೆಕೆಂಡಿನಲ್ಲಿ ಯಾರಿಗೆ ಕೊಡಬೇಕೆಂದು ನಿರ್ಧರಿಸುತ್ತಿದ್ದರು. ಇಲ್ಲಿ ಬೇಕಾದದ್ದು ಎತ್ತರವಲ್ಲ, ಓದುವ ಬುದ್ಧಿ.

ಆ ಬುದ್ಧಿಯೂ ಎತ್ತರವೂ ಒಬ್ಬನಲ್ಲೇ ಕೂಡಿದಾಗ ಯೋಕಿಚ್ ಅವರಂಥ ಆಟಗಾರ ಸಿಗುತ್ತಾರೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2014ರಲ್ಲಿ 41ನೆಯವರಾಗಿ ಆಯ್ಕೆಯಾದ ಈ ಸರ್ಬಿಯಾದ ಆಟಗಾರ 2021, 2022 ಮತ್ತು 2024ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿದರು, 2023ರಲ್ಲಿ ಡೆನ್ವರ್ ನಗೆಟ್ಸ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟರು. 2024–25ರಲ್ಲಿ ಪಂದ್ಯಕ್ಕೆ ಸರಾಸರಿ 29.6 ಅಂಕ, 12.7 ರಿಬೌಂಡ್, 10.2 ಅಸಿಸ್ಟ್ ಗಳಿಸಿ, ಇಡೀ ಋತುವಿನ ಸರಾಸರಿಯಲ್ಲೇ ಮೂರೂ ಎಣಿಕೆಗಳಲ್ಲಿ ಎರಡಂಕಿ ದಾಟಿದ ಮೊದಲ ಸೆಂಟರ್ ಆದರು. ಅವರನ್ನು ನೋಡುವಾಗ ಚೆಂಡು ಬಂದ ಮೇಲೆ ಏನು ಮಾಡುತ್ತಾರೆ ಎಂಬುದಕ್ಕಿಂತ, ಬರುವ ಮುನ್ನ ತಲೆ ಎಷ್ಟು ಸಲ ಹಿಂದಕ್ಕೆ ತಿರುಗಿತು ಎಂಬುದನ್ನು ನೋಡಬೇಕು. ಪಾಸ್‌ನ ನಿರ್ಧಾರ ಆಗಲೇ ಆಗಿರುತ್ತದೆ. ಇದು ಹೊಸತೆಂದು ತಿಳಿಯಬಾರದು: 1977ರಲ್ಲಿ ಪೋರ್ಟ್‌ಲ್ಯಾಂಡ್ ತಂಡ ಪ್ರಶಸ್ತಿ ಗೆದ್ದಾಗ ಬಿಲ್ ವಾಲ್ಟನ್ ಕೂಡ ಪಾಸ್‌ಗಳ ಕೇಂದ್ರವಾಗಿಯೇ ನಿಂತಿದ್ದರು. ಹಿಂದೆ ಅಪರೂಪವಾಗಿದ್ದುದನ್ನು ಈಗ ತಂಡಗಳು ಹುಡುಕಿಕೊಂಡು ಹೋಗುತ್ತಿವೆ, ಅಷ್ಟೇ.

ಇನ್ನು ಬೆನ್ನು ಮಾಡಿ ಆಡುವ ಪೋಸ್ಟ್ ಆಟ ಸತ್ತುಹೋಗಿದೆಯೇ ಎಂದರೆ, ಇಲ್ಲ. ಅದರ ಸಂದರ್ಭ ಬದಲಾಗಿದೆ. ಎದುರಾಳಿಗಳು ಸ್ಕ್ರೀನ್‌ನಲ್ಲಿ ಆಟಗಾರರನ್ನು ಅದಲುಬದಲು ಮಾಡಿಕೊಂಡು ಸೆಂಟರ್‌ನ ಎದುರಿಗೆ ಗಿಡ್ಡ ಗಾರ್ಡ್ ಉಳಿದಾಗ ಅದು ಶಿಕ್ಷೆಯ ರೂಪದಲ್ಲಿ ಮರಳುತ್ತದೆ. 2023ರ ಅತ್ಯಮೂಲ್ಯ ಆಟಗಾರ ಜೋಯೆಲ್ ಎಂಬೀಡ್ ರಿಂಗ್‌ಗೆ ಮುಖ ಮಾಡಿ, ಫ್ರೀ ಥ್ರೋ ಗೆರೆಯ ಆಸುಪಾಸಿನಿಂದಲೇ ಆ ಆಟವನ್ನು ಕಟ್ಟಿದರು. ಹಿಂದಿನಿಂದ ಬರುವ ಎರಡನೆಯ ರಕ್ಷಕ ಅಲ್ಲಿಂದ ಕಣ್ಣಿಗೆ ಬೀಳುತ್ತಾನೆ.

ರಕ್ಷಣೆಯಲ್ಲಿ: ಅವನು ಎಷ್ಟು ಹಿಂದೆ ನಿಂತಿದ್ದಾನೆ?

ಎರಡನೆಯ ಕ್ವಾರ್ಟರ್‌ನಲ್ಲಿ ಅದೇ ಸೆಂಟರ್‌ನನ್ನು ರಕ್ಷಣೆಯಲ್ಲಿ ಮಾತ್ರ ನೋಡಿ. ಎದುರು ತಂಡ ಸ್ಕ್ರೀನ್ ಹಾಕುವ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ, ಅವನಿಗೂ ಸ್ಕ್ರೀನ್‌ಗೂ ಎಷ್ಟು ಅಂತರವಿದೆ ಎಂದು ಅಳೆಯಿರಿ. ಅವನು ಹಿಂದೆ ಸರಿದು ಪೇಂಟ್‌ನೊಳಗೇ ನಿಂತಿದ್ದರೆ ಅದನ್ನು ‘ಡ್ರಾಪ್’ ಎನ್ನುತ್ತಾರೆ: ರಿಂಗ್‌ನ ಬಳಿ ಬರಬೇಡ, ನಡುದೂರದಿಂದ ಬೇಕಾದರೆ ಎಸೆ ಎಂದು ಗಾರ್ಡ್‌ಗೆ ಆಮಂತ್ರಣ ಕೊಟ್ಟಂತೆ. 2021ರಲ್ಲಿ ಮಿಲ್ವಾಕಿ ಬಕ್ಸ್ ಪ್ರಶಸ್ತಿ ಗೆದ್ದಾಗ ಲೋಪೆಜ್ ಆ ತಂಡದಲ್ಲಿ ಬಹಳ ಮಟ್ಟಿಗೆ ಹೀಗೆಯೇ ನಿಲ್ಲುತ್ತಿದ್ದರು. ಸ್ಕ್ರೀನ್‌ನವರೆಗೂ ಬಂದು ಗಾರ್ಡ್‌ನ ದಾರಿಗೆ ಅಡ್ಡ ನಿಂತು ಮತ್ತೆ ತಾನು ಕಾಯಬೇಕಾದವನ ಬಳಿಗೆ ಓಡಿದರೆ ಅದು ಇನ್ನೊಂದು ಬಗೆ, ಕಾಲಿಗೆ ಬಹಳ ದಣಿವು ತರುವಂಥದ್ದು. ಬ್ಯಾಮ್ ಅಡೆಬಾಯೊ ಅವರಂಥವರು ಮಾಡುವಂತೆ ಗಾರ್ಡ್‌ನನ್ನು ತಾನೇ ವಹಿಸಿಕೊಂಡರೆ ಅದು ‘ಸ್ವಿಚ್’.

ಒಂದೇ ಸೆಂಟರ್ ಲೀಗ್ ಹಂತದಲ್ಲಿ ದೇವರಂತೆ ಕಂಡು, ಅದರ ನಂತರದ ಪ್ಲೇಆಫ್ ಸರಣಿಗಳಲ್ಲಿ ತತ್ತರಿಸುವುದು ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ನಾಲ್ಕು ಬಾರಿ ವರ್ಷದ ಶ್ರೇಷ್ಠ ರಕ್ಷಕ ಪ್ರಶಸ್ತಿ ಪಡೆದ ರೂಡಿ ಗೋಬೇರ್ 2021ರಲ್ಲೂ ಆ ಗೌರವ ಪಡೆದಿದ್ದರು. ಅದೇ ಜೂನ್‌ನಲ್ಲಿ ಲಾಸ್ ಏಂಜಲಿಸ್ ಕ್ಲಿಪರ್ಸ್ ತಂಡವು ಅವರ ಯೂಟಾ ಜಾಜ್ ವಿರುದ್ಧದ ಆರನೆಯ ಪಂದ್ಯದಲ್ಲಿ ದೂರದಿಂದ ಎಸೆಯಬಲ್ಲ ಐವರನ್ನೂ ಗೆರೆಯಾಚೆ ಹರಡಿತು. ಗೋಬೇರ್ ರಿಂಗ್ ಕಾಯಲು ಹೋದರೆ ಮೂಲೆಯಲ್ಲಿ ಟೆರೆನ್ಸ್ ಮ್ಯಾನ್ ಒಬ್ಬರೇ. ಮೂಲೆಗೆ ಓಡಿದರೆ ರಿಂಗ್ ಬರಿದು. ಮ್ಯಾನ್ 39 ಅಂಕ ಗಳಿಸಿದರು, 25 ಅಂಕಗಳ ಹಿನ್ನಡೆಯಿಂದ ಎದ್ದ ಕ್ಲಿಪರ್ಸ್ ಸರಣಿಯನ್ನೇ ಗೆದ್ದಿತು. ಆ ದಿನ ಗೋಬೇರ್ ಕೆಟ್ಟದಾಗಿ ಆಡಿದರೆಂದು ಬರೆದವರನ್ನು ನಾನು ಒಪ್ಪುವುದಿಲ್ಲ. ಯೂಟಾದ ಹೊರಗಿನ ರಕ್ಷಕರು ತಾವು ಕಾಯಬೇಕಾದವರನ್ನು ಒಂದಾದ ಮೇಲೊಂದು ಬಾರಿ ಒಳನುಗ್ಗಲು ಬಿಟ್ಟರು, ಅದರ ಸಾಲವನ್ನು ತೀರಿಸಲು ಉಳಿದವರು ಗೋಬೇರ್ ಒಬ್ಬರೇ. ಸೆಂಟರ್ ಎರಡು ಕಡೆ ಇರಬೇಕಾಗಿ ಬಂದಾಗ, ಅವನು ತಡವಾಗಿ ತಲುಪಿದ ಜಾಗವನ್ನಲ್ಲ, ಮೊದಲು ಸೋತ ರಕ್ಷಕನನ್ನು ಹುಡುಕಿ. ವಿಡಿಯೊವನ್ನು ಐದು ಸೆಕೆಂಡು ಹಿಂದಕ್ಕೆ ಸರಿಸಿದರೆ ಸಾಕು.

ಮೊಜ್ಗೊವ್ ಅವರ ಒಗಟೂ ಇದೇ ಬಗೆಯದು. ಅವರು ಒಂದು ತುದಿಯಲ್ಲಿ ಗಳಿಸಿದ ಎರಡೆರಡು ಅಂಕಗಳಿಗೆ, ಗೋಲ್ಡನ್ ಸ್ಟೇಟ್ ಇನ್ನೊಂದು ತುದಿಯಲ್ಲಿ ವೇಗವನ್ನೂ ತೆರೆದ ಎಸೆತಗಳನ್ನೂ ಬೆಲೆಯಾಗಿ ಪಡೆಯುತ್ತಿತ್ತು.

ಅಂಕಪಟ್ಟಿಯನ್ನು ಕೊನೆಗೆ ತೆರೆಯಿರಿ

1961–62ರಲ್ಲಿ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು, ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಆದರೂ ಆ ಋತುವಿನ ಅತ್ಯಮೂಲ್ಯ ಆಟಗಾರ ಬಿಲ್ ರಸೆಲ್. ರಸೆಲ್ ಅವರ 13 ಋತುಗಳಲ್ಲಿ ಬಾಸ್ಟನ್ ಸೆಲ್ಟಿಕ್ಸ್ 11 ಬಾರಿ ಪ್ರಶಸ್ತಿ ಗೆದ್ದಿತು, ಆದರೆ ಅವರು ಎಷ್ಟು ಎಸೆತಗಳನ್ನು ತಡೆದರೆಂಬ ಅಧಿಕೃತ ಲೆಕ್ಕವೇ ಇಲ್ಲ; ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸತೊಡಗಿದ್ದು 1973–74ರಿಂದ, ಆ ವೇಳೆಗೆ ಅವರು ನಿವೃತ್ತರಾಗಿದ್ದರು. ಸೆಂಟರ್‌ನ ಕೆಲಸವನ್ನು ಅಂಕಿಗಳು ಹಿಡಿಯಲಾರದೆ ಹೋದದ್ದು ಇಂದಿನ ಸಮಸ್ಯೆಯಲ್ಲವೆಂದು ಇದರಿಂದ ತಿಳಿಯುತ್ತದೆ.

ಹಾಗೆಂದು ಅಂಕಿಗಳನ್ನು ಬಿಡಬೇಕಾಗಿಲ್ಲ. ಅಸಿಸ್ಟ್‌ಗಳನ್ನೂ ಕಳೆದುಕೊಂಡ ಚೆಂಡುಗಳನ್ನೂ ಜೊತೆಯಾಗಿ ಓದಿ. ಫ್ರೀ ಥ್ರೋ ಪ್ರಮಾಣವನ್ನು ತಪ್ಪದೆ ನೋಡಿ: ವೃತ್ತಿಜೀವನದಲ್ಲಿ ನೂರಕ್ಕೆ 52.7ರಷ್ಟೇ ಗಳಿಸಿದ ಓನೀಲ್ ಅವರನ್ನು ಬೇಕೆಂದೇ ಫೌಲ್ ಮಾಡುವ ತಂತ್ರಕ್ಕೆ ಅವರ ಹೆಸರೇ ಅಂಟಿಕೊಂಡಿತು. ಎನ್‌ಬಿಎ ಈಗ ಸ್ಕ್ರೀನ್‌ನಿಂದ ನೇರವಾಗಿ ಬಂದ ಗಳಿಕೆಗಳನ್ನೂ ಲೆಕ್ಕವಿಡುತ್ತದೆ, ಅದನ್ನು ನಿಮ್ಮ ಹಾಳೆಯೊಡನೆ ತಾಳೆ ನೋಡಬಹುದು. ಬ್ಲಾಕ್‌ಗಳ ಸಂಖ್ಯೆಯನ್ನು ಮಾತ್ರ ನಾನು ಕೊನೆಗೆ ನೋಡುತ್ತೇನೆ. ಚೆಂಡನ್ನು ಪ್ರೇಕ್ಷಕರ ನಡುವೆ ಎಸೆಯುವ ಬ್ಲಾಕ್‌ಗೂ ತನ್ನವನ ಕೈಗೆ ತಟ್ಟುವ ಬ್ಲಾಕ್‌ಗೂ ಅಲ್ಲಿ ವ್ಯತ್ಯಾಸವಿಲ್ಲ.

ಹಳೆಯ ಪಂದ್ಯಗಳಿಗೂ ಬೇರೆ ಲೀಗ್‌ಗಳಿಗೂ

ಇದೇ ಹಾಳೆಯನ್ನು ಹಳೆಯ ಪಂದ್ಯವೊಂದಕ್ಕೆ ಬಳಸುವುದಾದರೆ 1995ರ ಹ್ಯೂಸ್ಟನ್ ರಾಕೆಟ್ಸ್ ಆಟವನ್ನು ಆರಿಸಿಕೊಳ್ಳಿ. ಆ ವರ್ಷದ ಅತ್ಯಮೂಲ್ಯ ಆಟಗಾರ ಡೇವಿಡ್ ರಾಬಿನ್‌ಸನ್ ಅವರ ಸ್ಯಾನ್ ಆಂಟೋನಿಯೊ ಸ್ಪರ್ಸ್ ವಿರುದ್ಧದ ಸರಣಿಯಲ್ಲಿ ಹಕೀಮ್ ಒಲಾಜುವನ್ ಪಂದ್ಯಕ್ಕೆ ಸರಾಸರಿ 35.3 ಅಂಕ ಗಳಿಸಿದರು. ಎಲ್ಲರೂ ಅವರ ಪಾದಗಳ ಚಮತ್ಕಾರವನ್ನೇ ನೆನೆಯುತ್ತಾರೆ. ನೀವು ಅವರ ಸುತ್ತ ನಿಂತ ನಾಲ್ವರನ್ನು ನೋಡಿ. ಗೆರೆಯನ್ನು 22 ಅಡಿಗೆ ಹತ್ತಿರ ತಂದಿದ್ದ ಆ ಋತುವಿನಲ್ಲಿ ಹ್ಯೂಸ್ಟನ್ ಎಸೆಗಾರರನ್ನು ಹೊರಗೆ ಹರಡಿ ನಡುವೆ ಒಲಾಜುವನ್ ಒಬ್ಬರನ್ನೇ ನಿಲ್ಲಿಸಿತ್ತು. ಇಂದಿನ ವಿನ್ಯಾಸದ ಮೊಳಕೆ ಅಲ್ಲಿದೆ.

ಯೂರೋಲೀಗ್ ಅಥವಾ ಒಲಿಂಪಿಕ್ಸ್ ನೋಡುವಾಗ ಎರಡು ಸಂಗತಿ ನೆನಪಿರಲಿ. ಅಲ್ಲಿ ನಡೆಯುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ರಕ್ಷಕರಿಗೆ ಮೂರು ಸೆಕೆಂಡಿನ ಮಿತಿಯಿಲ್ಲ, ಆದ್ದರಿಂದ ಸೆಂಟರ್ ಪೇಂಟ್‌ನಲ್ಲೇ ಠಿಕಾಣಿ ಹೂಡಬಹುದು. ರಿಂಗ್‌ಗೆ ತಗುಲಿದ ಚೆಂಡನ್ನು ಅದು ರಿಂಗ್‌ನ ಮೇಲಿದ್ದಾಗಲೂ ತಟ್ಟಬಹುದು. ಎನ್‌ಬಿಎಯಲ್ಲಿ ತಪ್ಪೆನಿಸುವುದು ಅಲ್ಲಿ ಕೌಶಲ.

ಇಷ್ಟು ಅಭ್ಯಾಸವಾದ ಮೇಲೆ ಸ್ಯಾನ್ ಆಂಟೋನಿಯೊದ ವಿಕ್ಟರ್ ವೆಂಬನ್ಯಾಮ ಅವರ ಪಂದ್ಯಕ್ಕೆ ಬನ್ನಿ. 2023ರ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾಗಿ, ಮೊದಲ ಋತುವಿನಲ್ಲೇ ಬ್ಲಾಕ್‌ಗಳಲ್ಲಿ ಲೀಗಿಗೇ ಮೊದಲಿಗರಾದ ಅವರು ಚುಕ್ಕೆಗಳ ಹಾಳೆಯನ್ನು ಕೆಡಿಸಿಬಿಡುತ್ತಾರೆ: ಚುಕ್ಕೆಗಳು ಎಲ್ಲೆಡೆ ಬೀಳುತ್ತವೆ. ಅವರಿಗಾಗಿ ಹಾಳೆಯ ಅಂಚಿನಲ್ಲಿ ಬೇರೊಂದು ಕಾಲಂ ಎಳೆದುಕೊಳ್ಳಿ. ರಿಂಗ್‌ನತ್ತ ನುಗ್ಗಿ ಬಂದು, ಅವರನ್ನು ಕಂಡು, ಚೆಂಡನ್ನು ಎಸೆಯದೆಯೇ ಹೊರಗೆ ತಿರುಗಿ ಹೋದ ಎದುರಾಳಿಗಳನ್ನು ಅಲ್ಲಿ ಒಬ್ಬೊಬ್ಬರಾಗಿ ಗುರುತು ಹಾಕಿ.